ಶಾಲೆಯ ಬಾಗಿಲು, ಬದುಕಿನ ದಾರಿ

ನಮ್ಮ ಇಗರ್ಜಿಯ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ಕರಾವಳಿಯ ಮಕ್ಕಳಿಗೆ ವಿದ್ಯೆಯ ದಾರಿ ತೆರೆದವರನ್ನು ಸ್ಮರಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರು ಶಾಲೆಗಳನ್ನು ತೆರೆದರು. ಆದರೆ ಮತಾಂತರಗೊಂಡು ಕುಲದಿಂದ ಹೊರದೂಡಲ್ಪಟ್ಟವರು ಕಸುಬನ್ನೂ ಕಳೆದುಕೊಂಡಿದ್ದರು. ಅಂಥವರಿಗೆ ಅಕ್ಷರವೊಂದೇ ಅನ್ನವಾಗಲಿಲ್ಲ. ಆದುದರಿಂದ ಶಾಲೆಯ ಜೊತೆಗೆ ಮುದ್ರಣಾಲಯ, ನೇಯ್ಗೆಯ ಮಗ್ಗಗಳು, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ ಹುಟ್ಟಿಕೊಂಡವು.

ಕಥೋಲಿಕ ಸಮಾಜದಲ್ಲಿ ಈ ಕಾರ್ಯಕ್ಕೆ ಬಲ ಬಂದುದು 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರ ಆಗಮನದಿಂದ. ಅವರು ಹೆಣ್ಣುಮಕ್ಕಳ ವಿದ್ಯೆಯ ಹೊಣೆ ಹೊತ್ತರು. 1880ರಲ್ಲಿ ಯೇಸುಸಭೆಯ ಗುರುಗಳು ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. 1921ರಲ್ಲಿ ಭಗಿನಿಯರು ಸಂತ ಆಗ್ನೆಸ್ ಕಾಲೇಜನ್ನೂ, 1943ರಲ್ಲಿ ಸಂತ ಆ್ಯನ್ಸ್ ಶಿಕ್ಷಕ ತರಬೇತಿ ಕಾಲೇಜನ್ನೂ ಸ್ಥಾಪಿಸಿದರು. ಓದಿದ ಹೆಣ್ಣುಮಗಳು ಸ್ವಂತ ಸಂಬಳದಿಂದ ಮನೆಯನ್ನು ಎತ್ತಿಹಿಡಿಯುವ ಕಾಲ ಹೀಗೆ ಹತ್ತಿರವಾಯಿತು.

ಆದರೂ ಶಾಲೆಯ ಹೊಸ್ತಿಲನ್ನೇ ಮೆಟ್ಟಲಾಗದ ಮಕ್ಕಳಿದ್ದರೆಂಬುದನ್ನು ಮರೆಯಲಾಗದು. ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ವಕೀಲರಾದ ಕುದ್ಮುಲ್ ರಂಗರಾಯರು 1892ರಲ್ಲಿ ಶಾಲೆ ತೆರೆದರು. 1897ರಲ್ಲಿ ದಲಿತೋದ್ಧಾರದ ಸಂಸ್ಥೆಯನ್ನೇ ಕಟ್ಟಿದರು. ಪಾಠದೊಂದಿಗೆ ನೇಯ್ಗೆ, ಬಡಗಿ ಕೆಲಸಗಳನ್ನೂ ಕಲಿಸಿದರು. ಸ್ವಜಾತಿಯವರ ಬಹಿಷ್ಕಾರಕ್ಕೂ ಅವರು ಎದೆಗುಂದಲಿಲ್ಲ. ಮತಭೇದವೆಣಿಸದೆ ನಾವು ಅವರಿಗೆ ತಲೆಬಾಗುತ್ತೇವೆ.

ಈ ಮಹನೀಯರು ಕಲಿಸಿದ ಪಾಠವೊಂದೇ: ಶಾಲೆಯ ಬಾಗಿಲು ತೆರೆದರೆ ಸಾಲದು, ಅದರಾಚೆ ಬದುಕಿನ ದಾರಿಯೂ ಕಾಣಬೇಕು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಭರವಸೆ ನೀಡಿದೆ. ಆದರೆ ಮುಂದೇನೆಂಬ ಪ್ರಶ್ನೆ ಮಗುವನ್ನು ಕಾಡುವುದು ಆ ವಯಸ್ಸು ದಾಟಿದ ಮೇಲೆಯೇ. ಎಸ್.ಎಸ್.ಎಲ್.ಸಿ.ಯಲ್ಲಿ ಅನುತ್ತೀರ್ಣನಾದ ಹುಡುಗ, ಮನೆಯ ಬಡತನದಿಂದ ಓದು ನಿಲ್ಲಿಸಿದ ಹುಡುಗಿ ನಮ್ಮ ವಾಳೆಯಲ್ಲೇ ಇದ್ದಾರು. ಅವರನ್ನು ಹುಡುಕಿ, ಐ.ಟಿ.ಐ., ಪಾಲಿಟೆಕ್ನಿಕ್, ದಾದಿಯರ ತರಬೇತಿ ಮುಂತಾದ ದಾರಿಗಳನ್ನು ತಿಳಿಸಿ, ಅರ್ಜಿ ತುಂಬಿಸಿ, ಶುಲ್ಕಕ್ಕೆ ನೆರವಾಗುವುದು ಕಲಿತು ಮುಂದೆ ಬಂದ ನಮ್ಮೆಲ್ಲರ ಋಣ.

ಇಗರ್ಜಿಯ ಗೋಡೆಗಳಿಗೆ ಹೊಸ ಬಣ್ಣ ಬಳಿದಿದ್ದೇವೆ. ವರ್ಷಕ್ಕೊಂದು ಮಗುವಿನ ಓದನ್ನು ನಿಲ್ಲದಂತೆ ಕಾಯ್ದರೂ ಈ ಉತ್ಸವ ಸಾರ್ಥಕವಾದೀತು.