ವಿಂಡೋಸ್ 10 ಇರುವ ಕಂಪ್ಯೂಟರ್ ಇನ್ನು ಕೆಲಸಕ್ಕೆ ಬಾರದೇ? ವಿಂಡೋಸ್ 11ರ ಬಗ್ಗೆ ಜನ ಹೇಳುವುದರಲ್ಲಿ ಎಷ್ಟು ನಿಜ?

"ವಿಂಡೋಸ್ 10 ಬಂದ್ ಆಗಿದೆ, ಇನ್ನು ನಿಮ್ಮ ಕಂಪ್ಯೂಟರ್ ಆನ್ ಆಗಲ್ಲ." "ವಿಂಡೋಸ್ 11 ಹಾಕಿಸಿದರೆ ನುಡಿಯಲ್ಲಿ ಟೈಪ್ ಮಾಡಿದ್ದೆಲ್ಲ ಹೋಗುತ್ತೆ." "ಇದೆಲ್ಲ ಹೊಸ ಕಂಪ್ಯೂಟರ್ ಮಾರುವ ತಂತ್ರ, ತಲೆ ಕೆಡಿಸಿಕೊಳ್ಳಬೇಡಿ." ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮಾತುಗಳು ಓಡಾಡುತ್ತಿರುತ್ತವೆ. ಇವುಗಳಲ್ಲಿ ಯಾವುದೂ ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಒಂದೊಂದನ್ನೇ ನೋಡೋಣ.

ಇದು ಪೇಟೆಯವರ ಚಿಂತೆ, ಹಳ್ಳಿಗೇನು ಎಂದು ಕೇಳಬಹುದು. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಊರಿನಲ್ಲಿ ಮನೆಮನೆಗೂ ಕಂಪ್ಯೂಟರ್ ಇರುವುದಿಲ್ಲ, ಎಲ್ಲರ ಕೈಯಲ್ಲೂ ಫೋನ್ ಇರುತ್ತದೆ. ಆದರೆ ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿ, ಮಕ್ಕಳ ವಿದ್ಯಾರ್ಥಿವೇತನ ಎಂದು ಹೋದಾಗ ನಮ್ಮ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್‌ನ ಪ್ರತಿ ಸೇರುವುದು ಯಾವುದೋ ಒಂದು ಕೌಂಟರಿನ ಹಿಂದಿನ ಕಂಪ್ಯೂಟರಿಗೇ. ಗ್ರಾಮ ಒನ್ ಕೇಂದ್ರ, ಜೆರಾಕ್ಸ್ ಅಂಗಡಿ, ಸಹಕಾರ ಸಂಘ, ಶಾಲೆ, ಡಿಟಿಪಿ ಸೆಂಟರ್, ಹೀಗೆ. ಆ ಒಂದು ಯಂತ್ರ ಭದ್ರವಾಗಿದೆಯೇ ಇಲ್ಲವೇ ಎನ್ನುವುದು ಇಡೀ ಊರಿನ ಪ್ರಶ್ನೆ.

ನಿಜವಾಗಿ ನಡೆದದ್ದೇನು?

ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10 ಅನ್ನು 2015ರ ಜುಲೈ 29ರಂದು ಬಿಡುಗಡೆ ಮಾಡಿತು. ರೂಪ ಬದಲಿಸಿದ ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದು. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇದು ಹೊಸ ಪದ್ಧತಿಯೇನಲ್ಲ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಹೀಗೇ ಆಗಿತ್ತು.

ಬೆಂಬಲ ಮುಗಿಯಿತು ಎಂದರೆ ಏನು? ಯಾವುದೇ ತಂತ್ರಾಂಶದಲ್ಲಿ ಕಾಲಕಾಲಕ್ಕೆ ಸಣ್ಣ ಸಣ್ಣ ತೂತುಗಳು ಪತ್ತೆಯಾಗುತ್ತಲೇ ಇರುತ್ತವೆ. ಕಂಪನಿ ಪ್ರತಿ ತಿಂಗಳೂ ಅವಕ್ಕೆ ತೇಪೆ ಹಾಕಿ ಅಪ್‌ಡೇಟ್ ರೂಪದಲ್ಲಿ ಕಳಿಸುತ್ತದೆ. ಬೆಂಬಲ ಮುಗಿದ ಮೇಲೆ ಆ ತೇಪೆ ಬರುವುದಿಲ್ಲ. ಕೆರೆಯ ಏರಿಯನ್ನು ನೋಡಿಕೊಳ್ಳುವವರು ಬರುವುದನ್ನು ಬಿಟ್ಟರೆ ಏರಿ ಅಂದೇ ಒಡೆಯುವುದಿಲ್ಲ. ಆದರೆ ಬಿಲ ಬಿದ್ದಾಗ ಮುಚ್ಚುವವರಿರುವುದಿಲ್ಲ. ಇದೂ ಹಾಗೆಯೇ.

ಮಾತು 1: "ಹಳೆಯ ಕಂಪ್ಯೂಟರ್ ಇನ್ನು ಆನ್ ಆಗುವುದಿಲ್ಲ"

ಸುಳ್ಳು. ವಿಂಡೋಸ್ 10 ಕಂಪ್ಯೂಟರ್ ಮೊದಲಿನಂತೆಯೇ ಆನ್ ಆಗುತ್ತದೆ. ಫೈಲುಗಳು, ಫೋಟೋಗಳು ಇದ್ದಲ್ಲೇ ಇರುತ್ತವೆ. ಇಂಟರ್ನೆಟ್ಟೂ ಬರುತ್ತದೆ.

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಮನೆಬಳಕೆಯ ವಿಂಡೋಸ್ 10 ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳನ್ನು ಪಡೆಯುವ ವಿಸ್ತರಿತ ಯೋಜನೆಯನ್ನು ಕಂಪನಿಯೇ ತಂದಿದೆ. ಅದಕ್ಕೆ ಯಂತ್ರದಲ್ಲಿ ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆಯೊಂದು ಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿ ಮಾಡಿಕೊಳ್ಳಬಹುದು. ದಾರಿ ಮೂರು: ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಆನ್‌ಲೈನ್‌ನಲ್ಲಿ ಬ್ಯಾಕಪ್ ಆಗಲು ಬಿಟ್ಟರೆ ಉಚಿತ, ಅಥವಾ 1000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಅಂಕ, ಅಥವಾ 30 ಡಾಲರ್. ಒಂದೇ ಖಾತೆಯಲ್ಲಿ 10 ಯಂತ್ರಗಳವರೆಗೆ ಇದನ್ನು ಬಳಸಬಹುದು. ಕಚೇರಿಗಳಿಗೆ, ಸಂಸ್ಥೆಗಳಿಗೆ ಇರುವುದು ಬೇರೆ ಯೋಜನೆ. ಅದಕ್ಕೆ ಪ್ರತಿ ಯಂತ್ರಕ್ಕೂ ಹಣ ಕಟ್ಟಬೇಕು.

ಮಾತು 2: "ಇದೆಲ್ಲ ಹೊಸ ಕಂಪ್ಯೂಟರ್ ಮಾರುವ ತಂತ್ರ"

ಈ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ. ಅಸಲಿ ವಿಂಡೋಸ್ 10 ಇದ್ದವರಿಗೆ ವಿಂಡೋಸ್ 11 ಉಚಿತ. ಆದರೆ ಯಂತ್ರವೇ ಹಳೆಯದಾದರೆ ಅದು ಕೂರುವುದಿಲ್ಲ. ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಇರಬೇಕು. ಆ ತಲೆಮಾರು ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಅದಕ್ಕೂ ಮುಂಚೆ ಕೊಂಡ, ಇಂದಿಗೂ ಚೆನ್ನಾಗಿ ನಡೆಯುತ್ತಿರುವ ಎಷ್ಟೋ ಯಂತ್ರಗಳು ಈ ಪಟ್ಟಿಯಿಂದ ಹೊರಗುಳಿದವು. ಕೆಟ್ಟಿರದ ಯಂತ್ರವನ್ನು ಗುಜರಿಗೆ ಹಾಕಬೇಕೇ ಎಂದು ಜಗತ್ತಿನ ಎಲ್ಲೆಡೆ ಬಳಕೆದಾರರು ಕೇಳಿದ್ದು ಇದೇ ಕಾರಣಕ್ಕೆ.

ಆದರೆ ತೇಪೆಯ ಅಗತ್ಯ ಮಾತ್ರ ನಾಟಕವಲ್ಲ. 2017ರ ಮೇ 12ರಂದು ಶುರುವಾದ ವಾನ್ನಾಕ್ರೈ ದಾಳಿಯನ್ನು ನೆನಪಿಸಿಕೊಳ್ಳಿ. ಕಂಪ್ಯೂಟರಿನ ಫೈಲುಗಳಿಗೆಲ್ಲ ಬೀಗ ಹಾಕಿ, ತೆಗೆಯಲು ಹಣ ಕೇಳುತ್ತಿದ್ದ ಕುತಂತ್ರಾಂಶ ಅದು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ತಗುಲಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ನಮ್ಮ ಪಕ್ಕದ ಕೇರಳದಲ್ಲಿ ವಯನಾಡು ಜಿಲ್ಲೆಯ ತರಿಯೋಡು ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರುಗಳಿಗೂ ತಗುಲಿತು. ದಾಳಿಕೋರರಿಗೆ ಹಳ್ಳಿ, ಪಟ್ಟಣ ಎಂಬ ಭೇದವಿಲ್ಲ.

ಆ ದಾಳಿ ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಎರಡು ತಿಂಗಳಾದರೂ ಅದನ್ನು ಹಾಕಿಕೊಳ್ಳದ ಯಂತ್ರಗಳೇ ಸಿಕ್ಕಿಬಿದ್ದವು, ಅವುಗಳಲ್ಲಿ ಬಹುಪಾಲು ವಿಂಡೋಸ್ 7 ಯಂತ್ರಗಳು. ತೇಪೆ ಇದ್ದೂ ಹಾಕದವರ ಗತಿ ಇದಾದರೆ, ತೇಪೆಯೇ ಬರದ ಯಂತ್ರದ ಗತಿಯನ್ನು ಊಹಿಸಬಹುದು.

ಮಾತು 3: "ಆಂಟಿವೈರಸ್ ಇದೆ, ಸಾಕು"

ಸಾಲದು. ಆಂಟಿವೈರಸ್ ಬಾಗಿಲಲ್ಲಿ ನಿಂತ ಕಾವಲುಗಾರನಂತೆ, ಗುರುತಿರುವ ಕಳ್ಳನನ್ನು ತಡೆಯುತ್ತದೆ. ಹಿತ್ತಲ ಗೋಡೆಯ ತೂತನ್ನು ಅದು ಮುಚ್ಚುವುದಿಲ್ಲ. ಎರಡೂ ಬೇಕು.

ಮಾತು 4: "ಹೊಸದು ಕೈಗೇ ಬಗ್ಗುವುದಿಲ್ಲ, ಹಳೆಯದೇ ಚೆನ್ನ"

ಇದು ಸರಿ ತಪ್ಪಿನ ಮಾತಲ್ಲ, ರೂಢಿಯ ಮಾತು. ಎಡ ಮೂಲೆಯಲ್ಲಿದ್ದ ಸ್ಟಾರ್ಟ್ ಬಟನ್ ವಿಂಡೋಸ್ 11ರಲ್ಲಿ ನಡುವಿಗೆ ಬಂದಿದೆ. ಮೌಸ್‌ನ ಬಲಗುಂಡಿ ಒತ್ತಿದರೆ ಬರುತ್ತಿದ್ದ ಪಟ್ಟಿ ಚಿಕ್ಕದಾಗಿ, ಉಳಿದ ಆಯ್ಕೆಗಳು ಒಳಗಡೆ ಸೇರಿವೆ. ದಿನಕ್ಕೆ ನೂರು ಅರ್ಜಿ ತುಂಬುವವರಿಗೆ ಒಂದು ಕ್ಲಿಕ್ ಹೆಚ್ಚಾದರೂ ಕಿರಿಕಿರಿಯೇ.

ಇಂಥ ಗೊಣಗಾಟ ವ್ಯರ್ಥವೂ ಅಲ್ಲ. 2012ರಲ್ಲಿ ಬಂದ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ನನ್ನೇ ತೆಗೆದುಹಾಕಿದ್ದರು. ಬಳಕೆದಾರರ ವಿರೋಧದ ಬಳಿಕ 2013ರಲ್ಲಿ 8.1ರೊಂದಿಗೆ ಬಟನ್ ಮರಳಿತು, ವಿಂಡೋಸ್ 10ರಲ್ಲಿ ಪೂರ್ಣ ಮೆನುವೂ ಮರಳಿತು. ವಿಂಡೋಸ್ 11ರಲ್ಲೂ ಅಷ್ಟೇ. ಫೈಲನ್ನು ಕೆಳಗಿನ ಪಟ್ಟಿಗೆ ಎಳೆದು ತೆರೆಯುವ ಸೌಲಭ್ಯ ಮೊದಲು ಇರಲಿಲ್ಲ, 2022ರಲ್ಲಿ ವಾಪಸ್ ಬಂತು. ಸ್ಟಾರ್ಟ್ ಬಟನ್ ಎಡಕ್ಕೇ ಬೇಕೆನ್ನುವವರು ಸೆಟ್ಟಿಂಗ್ಸ್‌ನ ಪರ್ಸನಲೈಸೇಶನ್‌ನಲ್ಲಿ ಟಾಸ್ಕ್‌ಬಾರ್‌ಗೆ ಹೋಗಿ ಎಡಕ್ಕೆ ಸರಿಸಿಕೊಳ್ಳಬಹುದು.

ಆದರೆ ನೋಟ ಹಿಡಿಸಲಿಲ್ಲ ಎಂಬ ಕಾರಣಕ್ಕೇ ತೇಪೆ ಬರದ ವ್ಯವಸ್ಥೆಯಲ್ಲಿ ಊರಿನವರ ದಾಖಲೆಗಳನ್ನು ಇಟ್ಟುಕೊಂಡು ಕೂರುವುದು ಸರಿಯಲ್ಲ. ಅಭ್ಯಾಸವಾಗಲು ಒಂದೆರಡು ವಾರ ಬೇಕಾಗಬಹುದು. ಕಳುವಾದ ಆಧಾರ್ ವಿವರ ವಾಪಸ್ ಬರುವುದಿಲ್ಲ.

ಮಾತು 5: "ವಿಂಡೋಸ್ 11 ಹಾಕಿದರೆ ಕಂಪ್ಯೂಟರ್ ನಿಧಾನವಾಗುತ್ತದೆ"

ಯಂತ್ರದ ಮೇಲೆ ಅವಲಂಬಿತ. 4 ಜಿಬಿ ರ‍್ಯಾಮ್, ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ನಿಧಾನವಾಗುವುದು ನಿಜ. ಅಲ್ಲಿ ತೊಡಕಾಗುವುದು ಹೆಚ್ಚಾಗಿ ಹಾರ್ಡ್‌ಡಿಸ್ಕ್. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿ ಮಾಡಿಸಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹೊಸ ಕಂಪ್ಯೂಟರಿನ ಬೆಲೆಗೆ ಹೋಲಿಸಿದರೆ ಇದರ ಖರ್ಚು ಸಣ್ಣದು.

ಮಾತು 6: "ನುಡಿಯಲ್ಲಿ ಟೈಪ್ ಮಾಡಿದ್ದೆಲ್ಲ ಹೋಗುತ್ತದೆ"

ಫೈಲು ಹೋಗುವುದಿಲ್ಲ, ಓದಲು ಬಾರದಂತೆ ಕಾಣಬಹುದು. ಕಾರಣ ಹೀಗಿದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯಲ್ಲಿ ಎರಡು ಬಗೆಯಲ್ಲಿ ಬರೆಯಬಹುದು: ಹಳೆಯ ಆಸ್ಕಿ ಪದ್ಧತಿ, ಹೊಸ ಯೂನಿಕೋಡ್ ಪದ್ಧತಿ. ಯೂನಿಕೋಡ್ ಬರಹ ಯಾವ ಕಂಪ್ಯೂಟರಿನಲ್ಲೂ, ಫೋನಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಆಸ್ಕಿ ಬರಹಕ್ಕೆ ನುಡಿ 01 ಇ ಮುಂತಾದ ಅದೇ ಫಾಂಟ್ ಬೇಕು. ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ.

ವಿಂಡೋಸ್ 10ರ ಮೇಲೆಯೇ ಅಪ್‌ಡೇಟ್ ಮೂಲಕ 11 ಹಾಕಿಕೊಂಡರೆ ಸಾಮಾನ್ಯವಾಗಿ ಫೈಲು, ಫಾಂಟು, ತಂತ್ರಾಂಶ ಎಲ್ಲವೂ ಉಳಿಯುತ್ತವೆ. ಅಂಗಡಿಯವರು "ಫಾರ್ಮ್ಯಾಟ್ ಹೊಡೆದು" ಹೊಸದಾಗಿ ಹಾಕಿದರೆ ಫಾಂಟುಗಳು ಹೋಗುತ್ತವೆ, ಮೊದಲೇ ತೆಗೆದಿಟ್ಟುಕೊಳ್ಳದಿದ್ದರೆ ಫೈಲುಗಳೂ ಹೋಗಬಹುದು. ನುಡಿಯನ್ನು, ಹಳೆಯ ಫಾಂಟುಗಳನ್ನು ಮತ್ತೆ ಹಾಕಿಕೊಂಡರೆ ಹಳೆಯ ಆಸ್ಕಿ ಫೈಲುಗಳು ಮೊದಲಿನಂತೆ ಕಾಣುತ್ತವೆ. ಸಂಘದ ಠರಾವು, ಶಾಲೆಯ ದಾಖಲೆಯಂಥ ಮುಖ್ಯ ಫೈಲುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟರೆ ಈ ತಾಪತ್ರಯ ಮತ್ತೆ ಬರುವುದಿಲ್ಲ.

ವಿಂಡೋಸ್ 11ರಲ್ಲಿ ಕನ್ನಡ ಕೀಲಿಮಣೆ ಒಳಗೇ ಇದೆ, ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್ ಎರಡೂ. ನುಡಿಯ ಕಗಪ ವಿನ್ಯಾಸಕ್ಕೆ ಕೈ ಒಗ್ಗಿದವರು ಮಾತ್ರ ನುಡಿಯನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು.

ಮಾತು 7: "ಈ ಲಿಂಕ್ ಒತ್ತಿ, ವಿಂಡೋಸ್ 11 ಫ್ರೀ"

ಎಲ್ಲಕ್ಕಿಂತ ಅಪಾಯಕಾರಿ ಇದೇ. 2022ರ ಆರಂಭದಲ್ಲಿ ಮೈಕ್ರೋಸಾಫ್ಟ್‌ನದೇ ಎನ್ನುವಂತೆ ಕಾಣುವ ನಕಲಿ ತಾಣವೊಂದು ವಿಂಡೋಸ್ 11 ಹೆಸರಿನಲ್ಲಿ ರೆಡ್‌ಲೈನ್ ಎಂಬ ಕಳ್ಳ ತಂತ್ರಾಂಶವನ್ನು ಹಂಚುತ್ತಿದ್ದುದನ್ನು ಎಚ್‌ಪಿ ಕಂಪನಿಯ ಭದ್ರತಾ ತಂಡ ಪತ್ತೆ ಹಚ್ಚಿತು. ಅದರ ಕೆಲಸ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಕಾರ್ಡ್ ವಿವರಗಳನ್ನು ಕದಿಯುವುದು. ನಿಜವಾದ ಅಪ್‌ಡೇಟ್ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಅಥವಾ ಮೈಕ್ರೋಸಾಫ್ಟ್‌ನ ಸ್ವಂತ ತಾಣದಲ್ಲಿ ಸಿಗುತ್ತದೆ, ವಾಟ್ಸಾಪ್ ಫಾರ್ವರ್ಡ್‌ನಲ್ಲಿ ಅಲ್ಲ. "ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ಸರಿಪಡಿಸಿ ಕೊಡುತ್ತೇವೆ" ಎಂದು ಬರುವ ಫೋನ್ ಕರೆಗಳೂ ಮೋಸವೇ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಕಳ್ಳ ಪ್ರತಿಯನ್ನು "ಆಕ್ಟಿವೇಟ್" ಮಾಡುವ ತಂತ್ರಾಂಶಗಳಲ್ಲೂ ಇಂಥದೇ ಕುತಂತ್ರಾಂಶ ಅಡಗಿರಬಹುದು.

ಹಾಗಾದರೆ ಏನು ಮಾಡಬೇಕು?

1. ಮೊದಲು ಮುಖ್ಯ ಫೈಲುಗಳ ಪ್ರತಿಯನ್ನು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿ. ಆಮೇಲೆ ಉಳಿದ ಮಾತು.

2. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಆ್ಯಪ್ ಓಡಿಸಿ. ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಕೂರುತ್ತದೆಯೇ ಎಂದು ಅದೇ ಹೇಳುತ್ತದೆ. ಟಿಪಿಎಂ ಇಲ್ಲ ಎಂದು ಬಂದರೆ ಕೂಡಲೇ ಕೈಚೆಲ್ಲಬೇಡಿ. ಎಷ್ಟೋ ಯಂತ್ರಗಳಲ್ಲಿ ಅದು ಇದ್ದೂ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ.

3. ಬೆರಳಚ್ಚು ಯಂತ್ರ, ಪ್ರಿಂಟರ್, ಸ್ಕ್ಯಾನರ್ ಇಟ್ಟುಕೊಂಡವರು ಅವುಗಳಿಗೆ ವಿಂಡೋಸ್ 11ರ ಡ್ರೈವರ್ ಇದೆಯೇ ಎಂದು ಮೊದಲೇ ವಿಚಾರಿಸಿ.

4. ಹಾಕಿಕೊಂಡ ಮೇಲೆ ಹೊಂದದಿದ್ದರೆ 10 ದಿನಗಳೊಳಗೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ವಿಂಡೋಸ್ 10ಕ್ಕೆ ಮರಳಬಹುದು. ಆದ್ದರಿಂದ ಆ ದಿನಗಳಲ್ಲೇ ನಿಮ್ಮ ಕೆಲಸಗಳನ್ನೆಲ್ಲ ಮಾಡಿ ನೋಡಿ.

5. ಯಂತ್ರಕ್ಕೆ 11 ಕೂರದಿದ್ದರೆ ಮೇಲೆ ಹೇಳಿದ ವಿಸ್ತರಿತ ಯೋಜನೆ ಇದೆ. ಓದು, ಬರಹ, ಬ್ರೌಸಿಂಗ್‌ಗಷ್ಟೇ ಬಳಸುವ ಯಂತ್ರವಾದರೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಉಚಿತವಾಗಿ ಸಿಗುತ್ತವೆ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಉಬುಂಟು ಆಧಾರಿತ ವ್ಯವಸ್ಥೆಯಲ್ಲೇ ನಡೆಯುತ್ತಿವೆ. ಲಿನಕ್ಸ್‌ನಲ್ಲಿ ಕಗಪ ಕೀಲಿಮಣೆಯೂ ಒಳಗೇ ಇರುತ್ತದೆ. ಆದರೆ ಟ್ಯಾಲಿಯಂಥ ವಿಂಡೋಸ್ ತಂತ್ರಾಂಶ, ಕೆಲವು ಬೆರಳಚ್ಚು ಯಂತ್ರಗಳು ಅದರಲ್ಲಿ ನೇರವಾಗಿ ನಡೆಯುವುದಿಲ್ಲ.

6. ಪಂಚಾಯಿತಿ, ಶಾಲೆ, ಸಂಘದ ಯಂತ್ರವಾದರೆ ಸ್ವಂತಕ್ಕೆ ಬದಲಿಸಬೇಡಿ. ಸಂಬಂಧಪಟ್ಟ ಇಲಾಖೆಯ ತಾಂತ್ರಿಕ ಸಿಬ್ಬಂದಿಯನ್ನು ಕೇಳಿ.

ಒಟ್ಟಿನಲ್ಲಿ

ವಿಂಡೋಸ್ 11 ಚೆನ್ನಾಗಿದೆಯೋ ಇಲ್ಲವೋ ಎಂಬುದಕ್ಕೆ ಹತ್ತು ಜನ ಹತ್ತು ಅಭಿಪ್ರಾಯ ಹೇಳುತ್ತಾರೆ, ಹೇಳಲಿ. ಕೇಳಬೇಕಾದ ಪ್ರಶ್ನೆ ಬೇರೆ: ಈ ಯಂತ್ರಕ್ಕೆ ಪ್ರತಿ ತಿಂಗಳೂ ಭದ್ರತಾ ತೇಪೆ ಬರುತ್ತಿದೆಯೇ? ಬರುತ್ತಿದ್ದರೆ 10 ಆದರೂ ಸರಿ, 11 ಆದರೂ ಸರಿ, ಲಿನಕ್ಸ್ ಆದರೂ ಸರಿ. ಬರುತ್ತಿಲ್ಲವಾದರೆ ಆ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬೇಡ, ಬೇರೆಯವರ ದಾಖಲೆಯಂತೂ ಬೇಡವೇ ಬೇಡ.

ನಿಮ್ಮೂರಿನ ಜೆರಾಕ್ಸ್ ಅಂಗಡಿಗೋ ಸೇವಾ ಕೇಂದ್ರಕ್ಕೋ ಮುಂದಿನ ಸಲ ಹೋದಾಗ ಈ ಪ್ರಶ್ನೆಯನ್ನು ಸೌಜನ್ಯದಿಂದ ಕೇಳಿ. ಕೆಲಸ ಮುಗಿದ ಮೇಲೆ ನಿಮ್ಮ ಆಧಾರ್ ಪ್ರತಿಯನ್ನು ಅಳಿಸಲು ಹೇಳಿ, ರಿಸೈಕಲ್ ಬಿನ್ನಿಂದಲೂ ಅಳಿಸಿದ್ದಾರೆಯೇ ಎಂದು ನೋಡಿಕೊಂಡು ಬನ್ನಿ.