ಮಳೆನಕ್ಷತ್ರ ಮತ್ತು ಗಡಿಯಾರ: ವಿಜಯಪುರ ಜಿಲ್ಲೆಯ ನಾಲ್ಕು ತಾಲೂಕುಗಳ ಕಾಲಪ್ರಜ್ಞೆ

1. ಪ್ರವೇಶ

ಕಾಲವನ್ನು ಅಳೆಯುವುದು ಬೇರೆ, ಬರಲಿರುವ ಕಾಲಕ್ಕೆ ಸಿದ್ಧವಾಗುವುದು ಬೇರೆ. ಮೊದಲನೆಯದು ಗಡಿಯಾರದ ಕೆಲಸ; ಎರಡನೆಯದು ಒಕ್ಕಲಿಗನ ಕೆಲಸ. ಜನಪದ ಹವಾಮಾನ ಜ್ಞಾನವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಮಳೆಗಾದೆಗಳ ಸಂಗ್ರಹಕ್ಕೆ ಸೀಮಿತವಾಗಿವೆ. ಆ ಗಾದೆಗಳ ಹಿಂದಿರುವ ಕಾಲಗಣನೆ ಯಾವುದು, ಸರ್ಕಾರ ಮತ್ತು ರೈಲ್ವೆ ತಂದ ಗಡಿಯಾರದ ವೇಳೆಯೊಡನೆ ಅದು ಹೇಗೆ ಬದುಕಿತು ಎಂಬ ಪ್ರಶ್ನೆಗಳಿಗೆ ಸಾಕಷ್ಟು ಗಮನ ದೊರೆತಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಪ್ರದೇಶವನ್ನು ಆಧಾರವಾಗಿಟ್ಟುಕೊಂಡು ಈ ಎರಡು ಕಾಲಕ್ರಮಗಳ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇತ್ತೀಚಿನ ವರ್ಷಗಳಲ್ಲಿ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಮೊದಲಾದ ಹೊಸ ತಾಲೂಕುಗಳು ರಚನೆಯಾಗಿವೆಯಾದರೂ, ಇಲ್ಲಿ ಹಳೆಯ ನಾಲ್ಕು ತಾಲೂಕುಗಳ ವ್ಯಾಪ್ತಿಯನ್ನೇ ಇಟ್ಟುಕೊಳ್ಳಲಾಗಿದೆ.

2. ಯುಗಾದಿಯಿಂದ ಕಾರಹುಣ್ಣಿಮೆಯವರೆಗೆ

ಈ ಸೀಮೆಯ ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ. ಬಹುಭಾಗ ಕಪ್ಪು ಎರೆ ಭೂಮಿ. ಮಳೆ ಕಡಿಮೆ, ಇರುವ ಮಳೆಯಲ್ಲೂ ಸೆಪ್ಟೆಂಬರ್ ತಿಂಗಳ ಪಾಲು ದೊಡ್ಡದು. ಆದುದರಿಂದ ಸಜ್ಜೆ, ತೊಗರಿ, ಹೆಸರುಗಳ ಮುಂಗಾರಿ ಇದ್ದರೂ, ಬಿಳಿಜೋಳದ ಹಿಂಗಾರಿಯೇ ಇಲ್ಲಿನ ಬದುಕಿನ ಆಸರೆ. ಡೋಣಿಯ ಬೆಳೆಯನ್ನು ಓಣಿಯ ಕಾಳಿಗೆ ಪ್ರಾಸದಿಂದ ಜೋಡಿಸಿ ಜನಪದರು ಕಟ್ಟಿಕೊಂಡ ಗಾದೆ ಜಿಲ್ಲೆಯಲ್ಲೆಲ್ಲ ಪ್ರಚಲಿತ. ರೋಹಿಣಿ ಮಳೆಯನ್ನೂ ಇದೇ ಓಣಿಯ ಜೋಳಕ್ಕೆ, ಭರಣಿಯನ್ನು ಧರಣಿಯ ಬೆಳೆಗೆ ಹೊಂದಿಸುವ ಮಾತುಗಳು ಕರ್ನಾಟಕದ ಇತರೆಡೆಗಳಲ್ಲಿಯೂ ಕೇಳಿಬರುತ್ತವೆ.

ಮಳೆಯನ್ನು ಮುಂಗಾಣುವ ಕ್ರಮವು ವಸಂತದಲ್ಲಿಯೇ ಆರಂಭವಾಗುತ್ತದೆ. ಯುಗಾದಿಯ ದಿನ ಗುಡಿಯ ಕಟ್ಟೆಯ ಮೇಲೆ ನಡೆಯುವ ಪಂಚಾಂಗ ಶ್ರವಣದಲ್ಲಿ ಆ ಸಂವತ್ಸರದ ರಾಜ, ಮಂತ್ರಿ, ಸಸ್ಯಾಧಿಪತಿ, ಮೇಘಾಧಿಪತಿ ಯಾರೆಂಬುದನ್ನು ಓದಲಾಗುತ್ತದೆ. ಮಳೆ ಎಷ್ಟು ಕೊಳಗ, ಅದರಲ್ಲಿ ಸಮುದ್ರಕ್ಕೆಷ್ಟು, ಬೆಟ್ಟಕ್ಕೆಷ್ಟು, ಭೂಮಿಗೆಷ್ಟು ಎಂಬ ಲೆಕ್ಕವೂ ಬರುತ್ತದೆ. ಪ್ರತಿ ಮಳೆನಕ್ಷತ್ರಕ್ಕೂ ಕುದುರೆ, ನರಿ, ಕಪ್ಪೆ, ನವಿಲು, ಕೋಣ, ಆನೆ ಮುಂತಾದ ಒಂದು ವಾಹನವಿದ್ದು, ಕಪ್ಪೆ, ಆನೆ, ಕೋಣಗಳು ಬಂದರೆ ಮಳೆ ಹೆಚ್ಚೆಂಬ ನಂಬಿಕೆಯಿದೆ. ಇದರ ಜೊತೆಗೆ ಓದುಬರಹವಿಲ್ಲದವರ ಬೇರೊಂದು ಪಂಚಾಂಗವೂ ಉಂಟು. ಚಂದ್ರನ ಸುತ್ತ ಮೂಡುವ ಬಳೆ, ಮೊಟ್ಟೆ ಹೊತ್ತು ಸಾಗುವ ಇರುವೆಯ ಸಾಲು, ಬೇವಿನ ಹೂವಿನ ಸಮೃದ್ಧಿ, ಬೇಸಗೆಯ ಅಡ್ಡಮಳೆ ಬಂದ ದಿಕ್ಕು ಇವು ಅದರ ಪುಟಗಳು. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಂದು ಎತ್ತುಗಳನ್ನು ಓಡಿಸಿ ಕರಿ ಹರಿಯುವಾಗ, ಮುಂದೆ ಬಂದ ಎತ್ತಿನ ಬಣ್ಣವನ್ನು ನೋಡಿ ಕೆಂಪಾದರೆ ಮುಂಗಾರಿ, ಬಿಳಿಯಾದರೆ ಹಿಂಗಾರಿ ಚೆನ್ನೆಂದು ಅರ್ಥೈಸುತ್ತಾರೆ.

ಇವುಗಳನ್ನು ಕೇವಲ ಭವಿಷ್ಯವಾಣಿಗಳೆಂದು ಪರಿಗಣಿಸಿದರೆ ಅವುಗಳ ಸಾಮಾಜಿಕ ಕಾರ್ಯ ಕಣ್ಮರೆಯಾಗುತ್ತದೆ. ಯುಗಾದಿ ಕಳೆದ ಮೇಲೆ ಯಾವ ಹೊಲಕ್ಕೆ ಯಾವ ಬೀಜ, ಯಾರ ಎತ್ತು ಯಾರಿಗೆ, ಸಾಲ ಎಷ್ಟು ಎಂಬ ನಿರ್ಣಯಗಳು ಆಗಬೇಕು. ಈ ನಿರ್ಣಯಗಳನ್ನು ಊರು ಕೂಡಿ ಆಲೋಚಿಸುವ ಸಂದರ್ಭವನ್ನು ಪಂಚಾಂಗ ಶ್ರವಣವೂ ಕರಿ ಹರಿಯುವಿಕೆಯೂ ಒದಗಿಸುತ್ತವೆ. ಭವಿಷ್ಯ ಸುಳ್ಳಾದರೂ ಸಿದ್ಧತೆ ವ್ಯರ್ಥವಾಗುವುದಿಲ್ಲ.

3. ನಕ್ಷತ್ರದ ಕಾಲ, ಅದರ ಜಾರುವಿಕೆ

ಸೂರ್ಯನು ಒಂದು ನಕ್ಷತ್ರದಲ್ಲಿ ಇರುವ ಅವಧಿ ಹದಿಮೂರು ಹದಿನಾಲ್ಕು ದಿನ. ಈಗಿನ ಲೆಕ್ಕದಂತೆ ರೋಹಿಣಿ ಮೇ 25ರ ಸುಮಾರಿಗೆ, ಜನರು ಮಿರಗವೆನ್ನುವ ಮೃಗಶಿರಾ ಜೂನ್ 8ರ ಸುಮಾರಿಗೆ, ಹಿಂಗಾರಿಗೆ ನಿರ್ಣಾಯಕವಾದ ಉತ್ತರೆ ಸೆಪ್ಟೆಂಬರ್ ಮಧ್ಯಭಾಗದಲ್ಲಿ, ಹಸ್ತ ಆ ತಿಂಗಳ ಕೊನೆಯಲ್ಲಿ ಆರಂಭವಾಗುತ್ತವೆ. ಚಾಂದ್ರಮಾನದ ಹಬ್ಬಗಳು ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗುತ್ತವೆ. ಮಳೆನಕ್ಷತ್ರಗಳು ಸೌರವಾದುದರಿಂದ ಸ್ಥಿರವಾಗಿ ನಿಲ್ಲುತ್ತವೆ. ಬಿತ್ತನೆಯನ್ನು ಹಬ್ಬಕ್ಕಲ್ಲದೆ ನಕ್ಷತ್ರಕ್ಕೆ ಕಟ್ಟಿದುದರಲ್ಲಿ ಒಕ್ಕಲಿಗರ ವಿವೇಕವಿದೆ.

ಆದರೆ ಈ ಸ್ಥಿರತೆಯೂ ಸಂಪೂರ್ಣವಲ್ಲ. ಅಯನ ಚಲನೆಯ ಕಾರಣದಿಂದ ನಕ್ಷತ್ರ ಪ್ರವೇಶವು ಋತುಗಳಿಗೆ ಹೋಲಿಸಿದರೆ ಸುಮಾರು ಎಪ್ಪತ್ತೊಂದು ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಜಾರುತ್ತದೆ. ರಕ್ಕಸತಂಗಡಗಿಯ ಕಾಳಗ ನಡೆದ 1565ರಿಂದ ಇಂದಿನವರೆಗೆ ಈ ಜಾರುವಿಕೆ ಆರು ದಿನಕ್ಕೂ ಮಿಕ್ಕಿದೆ, ಅಂದರೆ ಒಂದು ಮಳೆಯ ಅರ್ಧದಷ್ಟು. ಅಂದಿನ ಮುದ್ದೇಬಿಹಾಳ ಸೀಮೆಯ ಒಕ್ಕಲಿಗನ ಮಿರಗವು ಋತುಮಾನದಲ್ಲಿ ನಮ್ಮ ಮಿರಗಕ್ಕಿಂತ ಸುಮಾರು ಒಂದು ವಾರ ಮುಂಚೆಯೇ ಹುಟ್ಟುತ್ತಿತ್ತು. ಹೀಗಿದ್ದೂ ಮಿರಗವು ಮುಂಗಾರಿನ ಬಾಗಿಲೆಂಬ ತಿಳಿವಳಿಕೆ ಇಂದಿಗೂ ಹೊಂದುತ್ತದೆ. ಮಳೆಗಾದೆಗಳು ಒಮ್ಮೆ ರಚನೆಯಾಗಿ ಹಾಗೆಯೇ ಉಳಿದವುಗಳಲ್ಲ, ಪ್ರತಿ ತಲೆಮಾರಿನ ಹೊಲದ ಅನುಭವದಲ್ಲಿ ಒರೆಗೆ ಹಚ್ಚಲ್ಪಟ್ಟು ಹೊಂದದವು ಬಿದ್ದುಹೋದವು ಎಂದು ಊಹಿಸಲು ಇದು ಅವಕಾಶ ನೀಡುತ್ತದೆ.

ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಾಗೇವಾಡಿಯ ನೆಲದಲ್ಲಿ ಈ ನಕ್ಷತ್ರಪ್ರಜ್ಞೆ ಉಳಿದುಬಂದಿರುವುದು ಮೇಲ್ನೋಟಕ್ಕೆ ವಿರೋಧಾಭಾಸವೆನಿಸಬಹುದು. ಶರಣರು ವಾರ, ತಿಥಿ, ಲಗ್ನಗಳ ಶುಭಾಶುಭವನ್ನು ನಿರಾಕರಿಸಿದವರು. ಆದರೆ ಮಳೆನಕ್ಷತ್ರವು ಒಕ್ಕಲಿಗನಿಗೆ ಶುಭಾಶುಭದ ಪ್ರಶ್ನೆಯಲ್ಲ. ಅದು ಹದದ ಪ್ರಶ್ನೆ. ನಕ್ಷತ್ರ ಬಂದರೂ ಹದ ಬಾರದಿದ್ದರೆ ಕೂರಿಗೆ ಹೊಲಕ್ಕಿಳಿಯುವುದಿಲ್ಲ.

4. ಗಡಿಯಾರದ ಆಗಮನ

ಹೋಟಗಿ-ಗದಗ ರೈಲುಮಾರ್ಗವು 1884ರ ವೇಳೆಗೆ ಈ ಸೀಮೆಯನ್ನು ಹಾದುಹೋಯಿತು. ಇಂಡಿ ಮತ್ತು ಬಾಗೇವಾಡಿಗಳಿಗೆ ಊರಿನಿಂದ ದೂರದಲ್ಲಿ 'ರೋಡ್' ಎಂಬ ಹೆಸರಿನ ನಿಲ್ದಾಣಗಳು ದೊರೆತವು. ಸಿಂದಗಿ, ಮುದ್ದೇಬಿಹಾಳಗಳು ಹಳಿಯಿಂದ ಹೊರಗುಳಿದವು. ಆಗ ಭಾರತದ ರೈಲುಗಳು ಮದರಾಸು ವೇಳೆಯನ್ನು ಅನುಸರಿಸುತ್ತಿದ್ದವು. ಜಿಲ್ಲೆಯು ಸೇರಿದ್ದ ಮುಂಬಯಿ ಪ್ರಾಂತದ ರಾಜಧಾನಿಯ ವೇಳೆ ಅದಕ್ಕಿಂತ ಅರ್ಧ ಗಂಟೆ ಹಿಂದೆ. 1906ರ ಜನವರಿ 1ರಿಂದ 82.5 ಡಿಗ್ರಿ ಪೂರ್ವ ರೇಖಾಂಶದ ಭಾರತೀಯ ಪ್ರಮಾಣ ವೇಳೆ ಜಾರಿಗೆ ಬಂದರೂ, ಮುಂಬಯಿ ನಗರದಲ್ಲಿ ಹಳೆಯ ವೇಳೆಯ ಬಳಕೆ 1955ರವರೆಗೆ ಪೂರ್ಣವಾಗಿ ಅಳಿಯಲಿಲ್ಲ.

ವಿಜಯಪುರವು ಸುಮಾರು 75.7 ಡಿಗ್ರಿ ರೇಖಾಂಶದಲ್ಲಿದೆ. ಆದುದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ ಗಡಿಯಾರದ 12 ಗಂಟೆ 27 ನಿಮಿಷಕ್ಕೆ. ಗಳಿಗೆಯೆಂದರೆ 24 ನಿಮಿಷ. ಹೊಲದ ಮಧ್ಯಾಹ್ನಕ್ಕೂ ಕಚೇರಿಯ ಮಧ್ಯಾಹ್ನಕ್ಕೂ ಒಂದು ಗಳಿಗೆಗಿಂತ ಸ್ವಲ್ಪ ಹೆಚ್ಚಿನ ಅಂತರ ಬಿತ್ತೆಂದಾಯಿತು. ಹಳ್ಳಿಯ ಬದುಕಿಗೆ ಇದರಿಂದ ಬಾಧಕವಾಗಲಿಲ್ಲ. ನಸುಕು, ಹೊತ್ತು ಮಾರುದ್ದ ಏರುವುದು, ಮಟಮಟ ಮಧ್ಯಾಹ್ನ, ಇಳಿಹೊತ್ತು, ದೀಪ ಹಚ್ಚುವ ಹೊತ್ತು ಎಂಬ ವಿಭಾಗಗಳು ಸೂರ್ಯನನ್ನೇ ಅನುಸರಿಸಿದವು.

5. ಹಗಲಿನ ಉಳಿತಾಯ: ಯಾರ ಹಗಲು?

ಬೇಸಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸಿ ಸಂಜೆಯ ಬೆಳಕನ್ನು ಹೆಚ್ಚಿಸಿಕೊಳ್ಳುವ ಕಲ್ಪನೆಯನ್ನು 1895ರಲ್ಲಿ ನ್ಯೂಜಿಲೆಂಡಿನ ಕೀಟಶಾಸ್ತ್ರಜ್ಞ ಜಾರ್ಜ್ ಹಡ್ಸನ್, 1907ರಲ್ಲಿ ಇಂಗ್ಲೆಂಡಿನ ಕಟ್ಟಡ ನಿರ್ಮಾಪಕ ವಿಲಿಯಂ ವಿಲೆಟ್ ಮಂಡಿಸಿದರು. ಜನರು ಮಲಗಿರುವಾಗ ಮುಂಜಾವಿನ ಬೆಳಕು ವ್ಯರ್ಥವಾಗುತ್ತದೆ ಎಂಬುದು ವಿಲೆಟ್‌ನ ವಾದ. ಮೊದಲ ಮಹಾಯುದ್ಧದ ಇಂಧನ ಕೊರತೆಯಲ್ಲಿ 1916ರ ಏಪ್ರಿಲ್ 30ರಂದು ಜರ್ಮನಿಯೂ ಮೇ 21ರಂದು ಬ್ರಿಟನ್ನೂ ಅದನ್ನು ಜಾರಿಗೆ ತಂದವು.

ಲಂಡನ್ನಿನಲ್ಲಿ ಅತಿ ದೀರ್ಘ ಹಗಲು ಹದಿನಾರೂವರೆ ಗಂಟೆಯಾದರೆ ಅತಿ ಚಿಕ್ಕದು ಎಂಟು ಗಂಟೆಗೂ ಕಡಿಮೆ. ವಿಜಯಪುರದಲ್ಲಿ ಇವು ಕ್ರಮವಾಗಿ ಸುಮಾರು ಹದಿಮೂರು ಹಾಗೂ ಹನ್ನೊಂದು ಗಂಟೆಗಳು. ಉಳಿಸಲು ಇಲ್ಲಿ ಇರುವ ಹಗಲೇ ಅಲ್ಪ. ಅದಕ್ಕಿಂತ ಮುಖ್ಯವಾದುದು ಮುಂಜಾವು ವ್ಯರ್ಥವಾಗುತ್ತದೆಂಬ ಗ್ರಹಿಕೆ. ಅಂದಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದರು. ಅಂತಹ ತ್ರಿಪದಿಗಳನ್ನು ಹೆಣ್ಣುಮಕ್ಕಳು ಹಾಡಿದ್ದು ಬೆಳಗಿನ ಜಾವ ಬೀಸುಕಲ್ಲಿನ ಮುಂದೆ. ಸೂರ್ಯ ಹುಟ್ಟುವ ಮೊದಲೇ ಅರ್ಧ ಕೆಲಸ ಮುಗಿಸಿದ ಮನೆಗೆ ಬೆಳಕು ಉಳಿಸುವ ಉಪದೇಶ ಅನಗತ್ಯವಾಗಿತ್ತು.

ಆದರೂ ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಭಾರತದ ಪ್ರಮಾಣ ವೇಳೆಯನ್ನು ಒಂದು ಗಂಟೆ ಮುಂದಿಡಲಾಗಿತ್ತು. ಬ್ರಿಟನ್ನಿನ ಮೊದಲ ಪ್ರಯೋಗದಂತೆ ಇದು ಬೇಸಗೆಗಷ್ಟೇ ಸೀಮಿತವಾಗಿರಲಿಲ್ಲ, ವರ್ಷವಿಡೀ ಮುಂದುವರಿಯಿತು. ಆ ಲೆಕ್ಕದಲ್ಲಿ ಇಲ್ಲಿನ ಸೂರ್ಯ ನೆತ್ತಿಗೆ ಬರುತ್ತಿದ್ದುದು 1 ಗಂಟೆ 27 ನಿಮಿಷಕ್ಕೆ. ಜನವರಿಯಲ್ಲಿ ಸೂರ್ಯೋದಯ ಗಡಿಯಾರದ ಎಂಟು ಗಂಟೆಯ ಹೊತ್ತಿಗೆ. ಯುದ್ಧ ಮುಗಿದೊಡನೆ ಈ ಏರ್ಪಾಡು ಕೊನೆಗೊಂಡಿತು. ಮುಂದೆ 2000ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸಂಶೋಧಕರು ವಿದ್ಯುತ್ ಉಳಿತಾಯಕ್ಕಾಗಿ ಪ್ರಮಾಣ ವೇಳೆಯನ್ನು ಶಾಶ್ವತವಾಗಿ ಅರ್ಧ ಗಂಟೆ ಮುಂದಿಡಬೇಕೆಂದು ಪ್ರತಿಪಾದಿಸಿದರು. ಅದು ಜಾರಿಗೆ ಬರಲಿಲ್ಲ.

ಗಡಿಯಾರವನ್ನು ಮುಟ್ಟದೆ ಅದೇ ಉದ್ದೇಶವನ್ನು ಸಾಧಿಸುವ ಕ್ರಮವೊಂದು ಈ ಜಿಲ್ಲೆಯಲ್ಲಿಯೇ ಇದೆ. ಇತ್ತೀಚಿನ ವರ್ಷಗಳಲ್ಲಿ ಏಪ್ರಿಲ್-ಮೇ ತಿಂಗಳುಗಳಿಗೆ ರಾಜ್ಯ ಸರ್ಕಾರವು ಕಲಬುರಗಿ ವಿಭಾಗದ ಜಿಲ್ಲೆಗಳ ಜೊತೆಗೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತ ಬಂದಿದೆ. ಪಶ್ಚಿಮದಲ್ಲಿ ಬೆಳಕನ್ನು ಪಡೆಯುವುದಕ್ಕಾಗಿ ವೇಳೆ ಬದಲಾದರೆ, ಇಲ್ಲಿ ಬಿಸಿಲನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಬದಲಾಗುತ್ತದೆ. ನಸುಕಿನಲ್ಲಿ ಹೊಲಕ್ಕೆ ಹೋಗಿ ಹೊತ್ತು ಏರುವ ಮುನ್ನ ಮರದ ನೆರಳಿಗೆ ಬರುವ ಒಕ್ಕಲಿಗನ ಕ್ರಮಕ್ಕೆ ಸರ್ಕಾರದ ಆದೇಶವು ಎರಡು ತಿಂಗಳ ಮಟ್ಟಿಗೆ ಸಮೀಪಿಸುತ್ತದೆ ಎನ್ನಬಹುದು.

6. ಇಂದಿನ ವಸಂತ

ಹೊಸ ಬೆಳೆಗಳು ಹೊಸ ಆತಂಕಗಳನ್ನು ತಂದಿವೆ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ; ಜಿಲ್ಲೆಯ ದ್ರಾಕ್ಷಿ ಬೇಸಗೆಯ ಆರಂಭದಲ್ಲಿ ಒಣದ್ರಾಕ್ಷಿಯಾಗುತ್ತದೆ. ಜೋಳದ ಒಕ್ಕಲಿಗನಿಗೆ ಶುಭಸೂಚನೆಯಾಗಿದ್ದ ಅಡ್ಡಮಳೆ, ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿಸುವವನಿಗೆ ವರ್ಷದ ದುಡಿಮೆಯನ್ನೇ ಕಳೆಯುವ ಆಪತ್ತು. ಮಳೆಗಾದೆಗಳು ಬಿತ್ತುವವನಿಗಾಗಿ ಹುಟ್ಟಿದವು. ಒಣಗಿಸುವವನಿಗೆ ಅವು ಉತ್ತರ ಕೊಡಲಾರವು. ಅವನಿಗೆ ಬೇಕಾದುದು ಮುಂದಿನ ಮೂರು ದಿನಗಳ ಮುನ್ಸೂಚನೆ. 1875ರಲ್ಲಿ ಸ್ಥಾಪನೆಯಾಗಿ 1886ರಿಂದ ಮುಂಗಾರು ಮುನ್ಸೂಚನೆ ಆರಂಭಿಸಿದ ಭಾರತೀಯ ಹವಾಮಾನ ಇಲಾಖೆ, 1988ರಲ್ಲಿ ರಾಜ್ಯವು ತೆರೆದ ಬರಗಾಲ ಉಸ್ತುವಾರಿ ಕೋಶದಿಂದ ಬೆಳೆದುಬಂದ ವ್ಯವಸ್ಥೆ ಇವುಗಳ ಪ್ರಯೋಜನ ಇರುವುದು ಇಲ್ಲಿಯೇ.

7. ಉಪಸಂಹಾರ

ಒಟ್ಟಿನಲ್ಲಿ, ಈ ಸೀಮೆಯಲ್ಲಿ ನಕ್ಷತ್ರದ ಕಾಲವೂ ಗಡಿಯಾರದ ಕಾಲವೂ ಪರಸ್ಪರ ಹೋರಾಡದೆ ಕೆಲಸವನ್ನು ಹಂಚಿಕೊಂಡಿವೆ. ಬಿತ್ತನೆ ಮೊದಲನೆಯದಕ್ಕೆ, ರೈಲು-ಕಚೇರಿ-ಶಾಲೆಗಳು ಎರಡನೆಯದಕ್ಕೆ ಸೇರಿದವು. ಇಂದು ಅಪಾಯದಲ್ಲಿರುವುದು ನಂಬಿಕೆಗಿಂತ ಹೆಚ್ಚಾಗಿ ನಂಬಿಕೆಯ ಹಿಂದಿರುವ ವೀಕ್ಷಣೆ. ಗಾದೆಯನ್ನು ಮಾತ್ರ ದಾಖಲಿಸಿ ಅದನ್ನು ಹೇಳಿದವರ ಊರು, ಮಣ್ಣಿನ ಬಗೆ, ಬೆಳೆ, ಬಿತ್ತಿದ ದಿನಗಳನ್ನು ಬಿಟ್ಟರೆ ನಮಗೆ ಉಳಿಯುವುದು ಪ್ರಾಸ ಮಾತ್ರ. ಎರೆ ಹೊಲದ ಗಾದೆಯನ್ನು ಮಸಾರಿ ಹೊಲಕ್ಕೆ ಅನ್ವಯಿಸಿದರೆ ಬೀಜ ಹಾಳು. ಮುಂದಿನ ಕ್ಷೇತ್ರಕಾರ್ಯವು ಪ್ರತಿ ಮಳೆಯ ಮಾತನ್ನು ಅದರ ನೆಲ ಮತ್ತು ದಿನಾಂಕದೊಡನೆ ದಾಖಲಿಸಿ ಮಳೆಮಾಪನದ ಅಂಕಿಗಳೊಡನೆ ಹೋಲಿಸಬೇಕಾಗಿದೆ. ಹಾಗೆ ಮಾಡಿದಾಗ ಮಾತ್ರ ಯಾವ ಮಾತು ಇಂದಿಗೂ ಹೊಲದಲ್ಲಿ ದುಡಿಯುತ್ತಿದೆ, ಯಾವುದು ನೆನಪಾಗಿ ಮಾತ್ರ ಉಳಿದಿದೆ ಎಂಬುದು ಸ್ಪಷ್ಟವಾಗುತ್ತದೆ.