ಅರಸನಿಲ್ಲದ ಮುನ್ನೂರು ವರ್ಷ

ಅರಸನಿಲ್ಲದ ನಾಡಿನಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆಂದು ಕೌಟಿಲ್ಯನ ಅರ್ಥಶಾಸ್ತ್ರ ಎಚ್ಚರಿಸುತ್ತದೆ. ಆದರೆ ಉತ್ತರ ಅಟ್ಲಾಂಟಿಕ್ ಸಾಗರದ ಐಸ್‌ಲ್ಯಾಂಡಿನಲ್ಲಿ ಅರಸನಿಲ್ಲದೆಯೇ ಮುನ್ನೂರು ವರ್ಷಕ್ಕೂ ಮಿಕ್ಕಿ ಬಾಳಿದ ಸಮಾಜವೊಂದಿತ್ತು.

ನಾರ್ವೆ ಮುಂತಾದೆಡೆಗಳಿಂದ ವಲಸೆ ಬಂದ ರೈತರು ಕ್ರಿ.ಶ. 930ರ ಸುಮಾರಿಗೆ ಅಲ್ಲಿ ‘ಆಲ್‌ಥಿಂಗ್’ ಎಂಬ ಮಹಾಸಭೆಯನ್ನು ಸ್ಥಾಪಿಸಿದರು. ಸೈನ್ಯವಿಲ್ಲ, ಪೊಲೀಸರಿಲ್ಲ. ಪ್ರತಿ ಬೇಸಗೆಯಲ್ಲಿ ಸಭೆ ಕೂಡಿದಾಗ, ಅದಕ್ಕೆಂದೇ ಆರಿಸಿದ ಒಬ್ಬನು ಬಂಡೆಯ ಮೇಲೆ ನಿಂತು ಕಾನೂನಿನ ಮೂರರಲ್ಲೊಂದು ಪಾಲನ್ನು ಬಾಯಿಪಾಠವಾಗಿ ಹೇಳುತ್ತಿದ್ದ. ಮೂರು ವರ್ಷಕ್ಕೆ ಪೂರ್ತಿಯಾಗುತ್ತಿತ್ತು. ಅದು ಬರಹಕ್ಕಿಳಿಯತೊಡಗಿದ್ದು 1117ರಲ್ಲಿ.

ತೀರ್ಪು ಕೊಡಲು ನ್ಯಾಯಾಲಯವಿತ್ತು, ಜಾರಿ ಮಾಡುವವರು ಇರಲಿಲ್ಲ. ಅಣ್ಣನನ್ನು ಕೊಂದವನ ಮೇಲೆ ತಮ್ಮನೇ ದಾವೆ ಹೂಡಬೇಕು, ಗೆದ್ದರೆ ದಂಡವನ್ನೂ ತಾನೇ ವಸೂಲು ಮಾಡಬೇಕು. ಬಲವಿಲ್ಲದವರು ದಾವೆಯ ಹಕ್ಕನ್ನು ಬಲಾಢ್ಯನೊಬ್ಬನಿಗೆ ಒಪ್ಪಿಸಬಹುದಿತ್ತು. ಅವನೇನೂ ಅದನ್ನು ಧರ್ಮಕ್ಕೆ ಮಾಡುತ್ತಿರಲಿಲ್ಲವೆನ್ನಿ. ಗುಲಾಮರಿಗಂತೂ ಸಭೆಯಲ್ಲಿ ದನಿಯೇ ಇರಲಿಲ್ಲ. ಈ ವ್ಯವಸ್ಥೆಯನ್ನು ಹೊಗಳುವವರು ಇದನ್ನು ಮರೆಯುವುದುಂಟು.

ಗಡಿಯಲ್ಲಿರುವ ನಮ್ಮನ್ನು ಸೆಳೆಯುವ ಸಂಗತಿ ಬೇರೆ. ನಮ್ಮ ಕಡೆಯ ಗುರಿಕಾರರಂತೆ ಅಲ್ಲಿಯೂ ಮುಖಂಡರಿದ್ದರು. ಪ್ರತಿಯೊಬ್ಬ ರೈತನೂ ಯಾರಾದರೊಬ್ಬನ ಹಿಂದೆ ನಿಲ್ಲಬೇಕು. ಆದರೆ ಯಾರ ಹಿಂದೆ? ತನ್ನ ಪ್ರಾಂತ್ಯದೊಳಗೆ ಅದು ಅವನಿಷ್ಟ. ನೆರೆಯ ಮನೆಯವನು ಬೇರೊಬ್ಬನ ಕಡೆಗಿರಬಹುದು. ಮನಸ್ಸು ಮುರಿದರೆ ಮನೆ ಬಿಡದೆಯೇ ಮುಖಂಡನನ್ನು ಬಿಡಬಹುದು. 1956ರಲ್ಲಿ ಕಾಸರಗೋಡಿನಲ್ಲಿ ಮನೆ ಇದ್ದಲ್ಲೇ ಇದ್ದು, ನಮ್ಮನ್ನು ಕೇಳದೆ ರಾಜ್ಯ ಬದಲಾದುದನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ. ಬಿಟ್ಟುಹೋಗುವ ಬಾಗಿಲು ತೆರೆದಿದ್ದುದರಿಂದಲೇ ಮುಖಂಡನಿಗೂ ಒಂದು ಅಂಕೆ ಇತ್ತೆಂದು ನನ್ನ ಎಣಿಕೆ.

ಬಾಗಿಲು ಮುಚ್ಚಿದ್ದು ಹೊರಗಿನವರಲ್ಲ. ಮುಖಂಡತನವನ್ನು ಕೊಳ್ಳಬಹುದಿತ್ತು, ಮಾರಬಹುದಿತ್ತು. ಹದಿಮೂರನೆಯ ಶತಮಾನದ ಹೊತ್ತಿಗೆ ಅದು ಕೆಲವೇ ಮನೆತನಗಳ ಕೈಸೇರಿತು. ಒಬ್ಬನನ್ನು ಬಿಟ್ಟು ಹೋಗೋಣವೆಂದರೆ ಇನ್ನೊಬ್ಬನಿಲ್ಲ. ಮನೆತನಗಳು ತಮ್ಮೊಳಗೆ ಕಾದಾಡಿದವು, ಸತ್ತವರು ರೈತರು. ಎರಡು ಬಾರಿ ಕಾನೂನು ಹೇಳುವ ಹುದ್ದೆಯಲ್ಲಿದ್ದ ಇತಿಹಾಸಕಾರ ಸ್ನೋರಿ ಸ್ಟರ್ಲುಸನ್ ಕೂಡ 1241ರಲ್ಲಿ ತನ್ನ ಮನೆಯ ನೆಲಮಾಳಿಗೆಯಲ್ಲೇ ಕೊಲೆಯಾದ. ಕೊಲ್ಲಿಸಿದವನು ಒಂದು ಕಾಲದ ಅಳಿಯ. ಅವನ ಬೆನ್ನಿಗಿದ್ದವನು ನಾರ್ವೆಯ ದೊರೆ.

1262ರಿಂದ 1264ರೊಳಗೆ ಐಸ್‌ಲ್ಯಾಂಡಿನವರು ಆ ದೊರೆತನಕ್ಕೇ ತೆರಿಗೆ ಕೊಡಲು ಒಪ್ಪಿದರು. ಪ್ರತಿಯಾಗಿ ಕೇಳಿದವುಗಳಲ್ಲಿ ಮುಖ್ಯವಾದವು ಇಷ್ಟು: ನಾಡಿನಲ್ಲಿ ಶಾಂತಿ, ತಮ್ಮದೇ ಕಾನೂನು, ಮತ್ತು ಸರಕು ಹೊತ್ತು ಬರುವ ಆರು ಹಡಗುಗಳು.